ಹಂತಕ್ಕೊಂದು ಕಾರಣ ಕೇಳಿದ ಮೇಷ್ಟ್ರು: ಮಧುರೈಯಲ್ಲಿ ಹುಟ್ಟಿದ ಡಿ ಮಾರ್ಗನ್ ಕಥೆ

ಈ ಕಷಾಯ ಕುಡಿದರೆ ಜ್ವರವೂ ಹೋಗುತ್ತದೆ, ಕೆಮ್ಮೂ ಹೋಗುತ್ತದೆ ಎಂಬ ಮೆಸೇಜ್ ನಿಮ್ಮ ಗ್ರೂಪಿಗೆ ಬಂತು ಎಂದುಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ಯಾರೋ ಅದು ಸುಳ್ಳು ಎಂದು ತೋರಿಸಿಕೊಟ್ಟರು. ಹಾಗಾದರೆ ಈಗ ನಮಗೆ ಗೊತ್ತಾಗಿದ್ದೇನು? ಜ್ವರವೂ ಹೋಗುವುದಿಲ್ಲ, ಕೆಮ್ಮೂ ಹೋಗುವುದಿಲ್ಲ ಎಂದು ಹೆಚ್ಚಿನವರು ಹೇಳಿಬಿಡುತ್ತಾರೆ. ಆದರೆ ಅದು ತಪ್ಪು. ಎರಡರಲ್ಲಿ ಕನಿಷ್ಠ ಒಂದು ಹೋಗುವುದಿಲ್ಲ ಎಂಬುದಷ್ಟೇ ಸಾಬೀತಾಗಿದೆ.

ಪಿಯುಸಿ ಓದಿದವರಿಗೆ ಇದು ಡಿ ಮಾರ್ಗನ್ ನಿಯಮ ಎಂಬ ಹೆಸರಿನಲ್ಲಿ ನೆನಪಿರಬಹುದು. ಗಣಗಳ ಪಾಠದಲ್ಲಿ ಸೂತ್ರ ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಂಡು ಮುಂದೆ ಹೋಗಿರುತ್ತೇವೆ. ಆದರೆ ಆ ಹೆಸರಿನ ಮನುಷ್ಯ ಬಾಯಿಪಾಠದ ದೊಡ್ಡ ವಿರೋಧಿಯಾಗಿದ್ದರು.

ಭಾರತದಲ್ಲಿ ಹುಟ್ಟಿದರು, ಆದರೆ ಭಾರತೀಯರಲ್ಲ

ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರ ಜೂನ್ 27ರಂದು, ತಮಿಳುನಾಡಿನ ಮಧುರೈಯಲ್ಲಿ. ಹಾಗೆಂದು ಅವರನ್ನು ಭಾರತೀಯ ಗಣಿತಜ್ಞರ ಪಟ್ಟಿಗೆ ಸೇರಿಸುವಂತಿಲ್ಲ. ಅವರ ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ. ಮಗು ಏಳು ತಿಂಗಳಿದ್ದಾಗಲೇ ಕುಟುಂಬ ಇಂಗ್ಲೆಂಡಿಗೆ ಹೊರಟುಹೋಯಿತು. ಹಸುಗೂಸಾಗಿದ್ದಾಗಲೇ ಬಲಗಣ್ಣಿನ ದೃಷ್ಟಿ ಹೋಗಿತ್ತು. ಜೀವನವಿಡೀ ಅವರು ಓದಿದ್ದು, ಬರೆದದ್ದು ಒಂದೇ ಕಣ್ಣಿನಲ್ಲಿ.

1823ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದರು. 1827ರ ಗಣಿತ ಪರೀಕ್ಷೆಯಲ್ಲಿ ನಾಲ್ಕನೇ ಸ್ಥಾನ ಬಂತು. ಅಲ್ಲಿ ಎಂಎ ಪದವಿ ಪಡೆಯಬೇಕಿದ್ದರೆ ಚರ್ಚಿನ ಸಿದ್ಧಾಂತಗಳನ್ನು ಒಪ್ಪಿ ಸಹಿ ಹಾಕಬೇಕಿತ್ತು. ಅವರು ಸಹಿ ಹಾಕಲಿಲ್ಲ, ಹಾಗಾಗಿ ಕೇಂಬ್ರಿಜ್‌ನಲ್ಲಿ ಮುಂದಿನ ದಾರಿ ಮುಚ್ಚಿತು. ಅದೇ ಸಮಯಕ್ಕೆ ಲಂಡನ್ನಿನಲ್ಲಿ ಧರ್ಮ ಕೇಳದ ಹೊಸ ವಿಶ್ವವಿದ್ಯಾಲಯವೊಂದು ಶುರುವಾಗುತ್ತಿತ್ತು. 1828ರಲ್ಲಿ, 21ನೇ ವಯಸ್ಸಿಗೆ, ಡಿ ಮಾರ್ಗನ್ ಅಲ್ಲಿ ಗಣಿತ ಪ್ರೊಫೆಸರ್ ಆದರು. ಆ ಸಂಸ್ಥೆಯೇ ಇಂದಿನ ಯೂನಿವರ್ಸಿಟಿ ಕಾಲೇಜ್ ಲಂಡನ್.

ಉತ್ತರ ಸಾಲದು, ಕಾರಣ ಬೇಕು

ಅವರ ಪಾಠದ ಕ್ರಮ ಸರಳವಾಗಿತ್ತು. ಪ್ರತಿ ತರಗತಿಯ ಕೊನೆಗೆ ಒಂದಷ್ಟು ಲೆಕ್ಕ ಕೊಡುತ್ತಿದ್ದರು. ವಿದ್ಯಾರ್ಥಿಗಳು ಬಿಡಿಸಿ ತಂದುಕೊಡಬೇಕು. ಅವರೇ ಅವನ್ನು ನೋಡಿ, ತಿದ್ದಿ, ಮುಂದಿನ ತರಗತಿಗೆ ಮೊದಲು ಹಿಂತಿರುಗಿಸುತ್ತಿದ್ದರು. ಉತ್ತರ ಸರಿ ಬಂದರೆ ಸಾಲದು, ಈ ಸಾಲಿನಿಂದ ಆ ಸಾಲಿಗೆ ಹೇಗೆ ಹೋದಿರಿ ಎಂಬುದಕ್ಕೆ ಕಾರಣ ಇರಬೇಕು. ಪರೀಕ್ಷೆಗಾಗಿ ಉರು ಹೊಡೆಯುವ ಓದು ಅವರಿಗೆ ಹಿಡಿಸುತ್ತಿರಲಿಲ್ಲ. 1842ರ ಅವರ ಕ್ಯಾಲ್ಕುಲಸ್ ಪುಸ್ತಕ ಕೂಡ ಸೂತ್ರಗಳ ಪಟ್ಟಿಯಾಗಿರದೆ ಮಿತಿ ಎಂಬ ಮೂಲ ಕಲ್ಪನೆಯ ಮೇಲೆ ನಿಂತಿತ್ತು.

ಕವಿ ಬೈರನ್‌ನ ಮಗಳು ಏಡಾ ಲವ್ಲೇಸ್ 1840–41ರಲ್ಲಿ ಅವರಿಂದ ಗಣಿತ ಕಲಿತದ್ದು ಹೆಚ್ಚಾಗಿ ಪತ್ರಗಳ ಮೂಲಕ. ಅರ್ಥವಾಗದ್ದನ್ನು ಆಕೆ ಬರೆದು ಕೇಳುತ್ತಿದ್ದರು, ಇವರು ಎಲ್ಲಿ ಎಡವಿದಿರಿ ಎಂದು ಬಿಡಿಸಿ ಬರೆಯುತ್ತಿದ್ದರು. 1852ರಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಅಣ್ಣನ ಪ್ರಶ್ನೆಯೊಂದನ್ನು ತಂದ. ಯಾವುದೇ ನಕ್ಷೆಯಲ್ಲಿ ಅಕ್ಕಪಕ್ಕದ ರಾಜ್ಯಗಳಿಗೆ ಬೇರೆ ಬೇರೆ ಬಣ್ಣ ಹಾಕಲು ನಾಲ್ಕೇ ಬಣ್ಣ ಸಾಕೇ? ಡಿ ಮಾರ್ಗನ್ ಅದನ್ನು ಹುಡುಗಾಟ ಎಂದು ತಳ್ಳಿಹಾಕದೆ ದೊಡ್ಡ ಗಣಿತಜ್ಞರಿಗೆ ಪತ್ರ ಬರೆದರು. ಸಾಕು ಎಂಬ ಸಾಧನೆ ಸಿಕ್ಕಿದ್ದು 1976ರಲ್ಲಿ, ಕಂಪ್ಯೂಟರ್ ಸಹಾಯದಿಂದ.

ಹೆಚ್ಚಿನವರು ಎಂಬ ಪದದ ಮೋಸ

1847ರಲ್ಲಿ ಅವರ ತರ್ಕಶಾಸ್ತ್ರದ ಪುಸ್ತಕ ಫಾರ್ಮಲ್ ಲಾಜಿಕ್ ಬಂತು. ಅದೇ ವರ್ಷ ಅವರ ಗೆಳೆಯ ಜಾರ್ಜ್ ಬೂಲ್ ಕೂಡ ತರ್ಕವನ್ನು ಗಣಿತವಾಗಿ ನೋಡುವ ಪುಸ್ತಕ ತಂದರು. ಇಂದು ನಿಮ್ಮ ಮೊಬೈಲ್ ಚಿಪ್ಪಿನ ಒಳಗೆ ನಡೆಯುವ ಮತ್ತು, ಅಥವಾ, ಅಲ್ಲ ಎಂಬ ಲೆಕ್ಕಾಚಾರದ ಬೇರು ಈ ಇಬ್ಬರ ಕೆಲಸದಲ್ಲಿದೆ. ಅಂದಹಾಗೆ, ಡಿ ಮಾರ್ಗನ್ ನಿಯಮವನ್ನು ಮೊದಲು ಕಂಡದ್ದು ಡಿ ಮಾರ್ಗನ್ ಅಲ್ಲ. 14ನೇ ಶತಮಾನದ ತರ್ಕಶಾಸ್ತ್ರಜ್ಞರಿಗೇ ಅದು ಮಾತಿನ ರೂಪದಲ್ಲಿ ಗೊತ್ತಿತ್ತು. ಅದಕ್ಕೆ ಗಣಿತದ ರೂಪ ಕೊಟ್ಟವರು ಇವರು.

ಹಳೆಯ ತರ್ಕಶಾಸ್ತ್ರ ಎಲ್ಲರೂ, ಕೆಲವರು ಎಂಬ ಪದಗಳಲ್ಲೇ ಸುತ್ತುತ್ತಿತ್ತು. ಡಿ ಮಾರ್ಗನ್ ಹೆಚ್ಚಿನವರು ಎಂಬ ಪದವನ್ನು ಒಳಗೆ ತಂದರು. 60 ಮಕ್ಕಳ ತರಗತಿಯಲ್ಲಿ 40 ಮಂದಿ ಬಸ್ಸಿನಲ್ಲಿ ಬರುತ್ತಾರೆ, 35 ಮಂದಿ ಕನ್ನಡಕ ಹಾಕುತ್ತಾರೆ ಎನ್ನಿ. ಎರಡನ್ನೂ ಕೂಡಿಸಿದರೆ 75, ಅಂದರೆ 60ಕ್ಕಿಂತ 15 ಹೆಚ್ಚು. ಹಾಗಾಗಿ ಕನಿಷ್ಠ 15 ಮಕ್ಕಳು ಬಸ್ಸಿನಲ್ಲೂ ಬರುತ್ತಾರೆ, ಕನ್ನಡಕವನ್ನೂ ಹಾಕುತ್ತಾರೆ. ಒಬ್ಬರನ್ನೂ ನೋಡದೆ ಇದನ್ನು ಖಚಿತವಾಗಿ ಹೇಳಬಹುದು.

ಆದರೆ ಗುಂಪು ಬದಲಾದರೆ ಈ ವಾದ ಕುಸಿಯುತ್ತದೆ. ಆಸ್ಪತ್ರೆಗೆ ಸೇರಿದವರಲ್ಲಿ ಹೆಚ್ಚಿನವರು ಚಹಾ ಕುಡಿಯುತ್ತಾರೆ. ಚಹಾ ಕುಡಿಯುವವರಲ್ಲಿ ಹೆಚ್ಚಿನವರು ಆರೋಗ್ಯವಂತರು. ಹಾಗಾದರೆ ಆಸ್ಪತ್ರೆಗೆ ಸೇರಿದವರಲ್ಲಿ ಹೆಚ್ಚಿನವರು ಆರೋಗ್ಯವಂತರೇ? ಎಷ್ಟೋ ಆರೋಗ್ಯದ ಫಾರ್ವರ್ಡ್‌ಗಳು ನಡೆಯುವುದು ಇದೇ ಜಾರುದಾರಿಯಲ್ಲಿ.

ದೆಹಲಿಯ ಮೇಷ್ಟ್ರಿಗೆ ಲಂಡನ್ನಿನ ಬೆಂಬಲ

1850ರಲ್ಲಿ ಡಿ ಮಾರ್ಗನ್ ಕೈಗೆ ಭಾರತದಿಂದ ಒಂದು ಪುಸ್ತಕ ಬಂತು. ಬರೆದವರು ದೆಹಲಿ ಕಾಲೇಜಿನ ಶಿಕ್ಷಕ ರಾಮಚಂದ್ರ. ಸ್ವಂತ ಹಣದಿಂದ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದ್ದರು, ಅಲ್ಲಿನ ವಿಮರ್ಶಕರಿಂದ ಟೀಕೆ ಕೇಳಿದ್ದರು. ಗರಿಷ್ಠ, ಕನಿಷ್ಠ ಕಂಡುಹಿಡಿಯುವ ಲೆಕ್ಕಗಳನ್ನು ಕ್ಯಾಲ್ಕುಲಸ್ ಇಲ್ಲದೆ, ಬರೀ ಬೀಜಗಣಿತದಿಂದ ಬಿಡಿಸುವುದು ಅವರ ಹಟ.

ಅದು ಹೇಗೆ ಎಂದು ನೋಡಿ. ನಿಮ್ಮ ಹತ್ತಿರ 40 ಮೀಟರ್ ತಂತಿ ಇದೆ. ಆಯತಾಕಾರದ ಕೈತೋಟಕ್ಕೆ ಬೇಲಿ ಹಾಕಬೇಕು. ಅತಿ ಹೆಚ್ಚು ಜಾಗ ಹೇಗೆ ಸಿಗುತ್ತದೆ? ಉದ್ದ x ಆದರೆ ಅಗಲ 20 − x. ಜಾಗ r ಎಂದಿಟ್ಟರೆ x(20 − x) = r, ಅಂದರೆ x² − 20x + r = 0. ಈ ವರ್ಗ ಸಮೀಕರಣಕ್ಕೆ ನಿಜವಾದ ಉತ್ತರ ಇರಬೇಕಿದ್ದರೆ 400 − 4r ಸೊನ್ನೆಗಿಂತ ಕಡಿಮೆ ಆಗಬಾರದು. ಹಾಗಾಗಿ r 100ನ್ನು ದಾಟುವಂತಿಲ್ಲ. 100 ಆದಾಗ x 10 ಆಗುತ್ತದೆ. ಚೌಕ ತೋಟವೇ ದೊಡ್ಡದು, 100 ಚದರ ಮೀಟರ್. ಪಿಯುಸಿಯಲ್ಲಿ ಡಿಫರೆನ್ಷಿಯೇಷನ್ ಮಾಡಿ ತೆಗೆಯುವ ಉತ್ತರವೇ ಹತ್ತನೇ ತರಗತಿಯ ಗಣಿತದಲ್ಲಿ ಸಿಕ್ಕಿತು.

ಭಾರತದ ಹಳೆಯ ಬೀಜಗಣಿತದ ಪರಂಪರೆ ಇಲ್ಲಿ ಮತ್ತೆ ಉಸಿರಾಡುತ್ತಿದೆ ಎಂದು ಡಿ ಮಾರ್ಗನ್‌ಗೆ ಅನ್ನಿಸಿತು. ಕಂಪನಿಯ ನಿರ್ದೇಶಕರಿಗೆ ಬರೆದು, ಈ ಶಿಕ್ಷಕನನ್ನು ಗೌರವಿಸಬೇಕು ಎಂದು ಒತ್ತಾಯಿಸಿದರು. ನಡುವೆ 1857ರ ದಂಗೆ ಬಂತು. ಕ್ರೈಸ್ತ ಧರ್ಮಕ್ಕೆ ಸೇರಿದ್ದ ರಾಮಚಂದ್ರ ಜೀವ ಉಳಿಸಿಕೊಳ್ಳಲು ದೆಹಲಿ ಬಿಟ್ಟು ಓಡಬೇಕಾಯಿತು. 1859ರಲ್ಲಿ ಆ ಪುಸ್ತಕ ಡಿ ಮಾರ್ಗನ್ ಮುನ್ನುಡಿಯೊಂದಿಗೆ ಲಂಡನ್ನಿನಲ್ಲಿ ಮತ್ತೆ ಪ್ರಕಟವಾಯಿತು. ಒಬ್ಬರನ್ನೊಬ್ಬರು ಕಾಣದ ಇಬ್ಬರು ಮೇಷ್ಟ್ರುಗಳ ನಡುವೆ ಇದ್ದ ಸಂಬಂಧ ಒಂದು ಸರಿಯಾದ ವಾದದ್ದು ಮಾತ್ರ.

ಎರಡು ರಾಜೀನಾಮೆ

ತರ್ಕ ಅವರಿಗೆ ಪುಸ್ತಕದ ವಿಷಯ ಮಾತ್ರ ಆಗಿರಲಿಲ್ಲ. ಸಹೋದ್ಯೋಗಿಯೊಬ್ಬರನ್ನು ಸರಿಯಾದ ಕಾರಣವಿಲ್ಲದೆ ತೆಗೆದುಹಾಕಿದಾಗ 1831ರಲ್ಲಿ ಕೆಲಸ ಬಿಟ್ಟರು. 1836ರಲ್ಲಿ ಮರಳಿ ಬಂದು ಮೂವತ್ತು ವರ್ಷ ಪಾಠ ಮಾಡಿದರು. 1866ರಲ್ಲಿ ಜೇಮ್ಸ್ ಮಾರ್ಟಿನೋ ಎಂಬವರಿಗೆ ಅವರ ಧಾರ್ಮಿಕ ನಿಲುವಿನ ಕಾರಣಕ್ಕೆ ಪ್ರೊಫೆಸರ್ ಹುದ್ದೆ ತಪ್ಪಿತು. ಧರ್ಮ ಕೇಳುವುದಿಲ್ಲ ಎಂದು ಶುರುವಾದ ಸಂಸ್ಥೆ ಈಗ ಧರ್ಮ ಕೇಳುತ್ತಿದೆ, ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ ಎಂಬುದು ಅವರ ನಿಲುವು. 60ನೇ ವಯಸ್ಸಿನಲ್ಲಿ ಮತ್ತೆ ಹೊರನಡೆದರು. ಮರುವರ್ಷವೇ, ಲಂಡನ್ ಮ್ಯಾಥಮೆಟಿಕಲ್ ಸೊಸೈಟಿ ಕಟ್ಟಲು ಮುಂದಾಗಿದ್ದ ಮಗ ಜಾರ್ಜ್ ತೀರಿಕೊಂಡ. ಆ ಸಂಘದ ಮೊದಲ ಅಧ್ಯಕ್ಷರು ಡಿ ಮಾರ್ಗನ್ನರೇ. 1871ರ ಮಾರ್ಚ್ 18ರಂದು ಅವರೂ ಹೋದರು.

ಆ ಕಾಲದ ಫಾರ್ವರ್ಡ್‌ಗಳಿಗೆ ಉತ್ತರ

ವಾಟ್ಸ್ಆ್ಯಪ್ ಇಲ್ಲದ ಆ ಕಾಲದಲ್ಲೂ ಸುಳ್ಳು ವಿಜ್ಞಾನಕ್ಕೆ ಬರವಿರಲಿಲ್ಲ. ಲಿವರ್‌ಪೂಲಿನ ವ್ಯಾಪಾರಿ ಜೇಮ್ಸ್ ಸ್ಮಿತ್, ಪೈ ಬೆಲೆ ಸರಿಯಾಗಿ 3.125 ಎಂದು ಪುಸ್ತಕದ ಮೇಲೆ ಪುಸ್ತಕ ಹಾಕಿದ. ಅವನ ವಾದದ ದೋಷ ಸರಳ: ಯಾವುದನ್ನು ಸಾಬೀತು ಮಾಡಬೇಕೋ ಅದನ್ನೇ ಮೊದಲು ನಿಜ ಎಂದುಕೊಂಡು ಹೊರಡುವುದು. ಇಂಥ ಹತ್ತಾರು ವಾದಗಳ ಹುಳುಕನ್ನು ಡಿ ಮಾರ್ಗನ್ ಪತ್ರಿಕೆಯ ಅಂಕಣದಲ್ಲಿ ನಗುನಗುತ್ತಲೇ ಬಿಡಿಸಿಟ್ಟರು. ಅವು ಎ ಬಜೆಟ್ ಆಫ್ ಪ್ಯಾರಡಾಕ್ಸಸ್ ಎಂಬ ಪುಸ್ತಕವಾಗಿ 1872ರಲ್ಲಿ, ಅವರು ತೀರಿಹೋದ ಮೇಲೆ, ಹೊರಬಂದವು.

ಅವರು ಬಿಟ್ಟುಹೋದ ಒಂದು ಒಗಟು ಗ್ರೂಪಿನಲ್ಲಿ ಹಂಚಲು ಯೋಗ್ಯ. x² ಎಂಬ ಇಸವಿಯಲ್ಲಿ ಅವರಿಗೆ x ವರ್ಷ. 43ರ ವರ್ಗ 1849, ಅದರಲ್ಲಿ 43 ಕಳೆದರೆ 1806. 1980ರಲ್ಲಿ ಹುಟ್ಟಿದವರಿಗೆ ಈ ಯೋಗ 2025ರಲ್ಲಿ ಬಂತು, ಏಕೆಂದರೆ 45ರ ವರ್ಗ 2025. ನಂಬಬೇಡಿ, ಗುಣಿಸಿ ನೋಡಿ. ಆಮೇಲೆ ಫಾರ್ವರ್ಡ್ ಮಾಡಿ.