ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು

ಮಾನವನ ಮನಸ್ಸನ್ನು ಪೀಡಿಸುವ ವೈರಿಗಳು ಅನೇಕವಾಗಿದ್ದರೂ ಮಠದ ಬಾಗಿಲಿಗೆ ಜನರನ್ನು ಕರೆತರುವವು ಮುಖ್ಯವಾಗಿ ಮೂರು. ಮಗನನ್ನೋ ಪತಿಯನ್ನೋ ಕಳೆದುಕೊಂಡವರು ಶೋಕವನ್ನು ಹೊತ್ತು ಬರುವರು. ಹೊಲದ ಬದುವಿಗಾಗಿ ಒಡಹುಟ್ಟಿದವರೊಡನೆ ಕಾದಾಡಿದವರು ಕೋಪವನ್ನು ಹೊತ್ತು ಬರುವರು. ಮದ್ಯಕ್ಕೆ ದಾಸನಾದ ಗಂಡನನ್ನು ಹೆಂಡತಿಯು ಕಣ್ಣೀರಿನೊಡನೆ ಕರೆದುಕೊಂಡು ಬರುವಳು. ಇವರಿಗೆ ಏನನ್ನು ಹೇಳಬೇಕು, ಹೇಗೆ ಹೇಳಬೇಕು ಎಂಬ ಪ್ರಶ್ನೆಯು ಇಂದು ಹುಟ್ಟಿದುದಲ್ಲ. ಹನ್ನೆರಡನೆಯ ಶತಮಾನದ ಶರಣರು ಅದನ್ನು ಎದುರಿಸಿದ್ದರು. ಅವರು ಕಂಡುಕೊಂಡ ಉತ್ತರವು ಶಿವಯೋಗಿ ಸಿದ್ಧರಾಮೇಶ್ವರರ ಚರಿತ್ರದಲ್ಲಿ ಅಡಗಿರುವುದು. ಶೋಕಕ್ಕೆ ಸಿಕ್ಕಿ ಪ್ರಾಣವನ್ನೇ ಬಿಡಹೊರಟವರೂ, ಕೋಪಕ್ಕೆ ಸಿಕ್ಕಿ ಅತಿಥಿಯನ್ನೇ ಸುಡಹೊರಟವರೂ ಆಗಿದ್ದ ಈ ಮಹಾತ್ಮರು ಎರಡನ್ನೂ ದಾಟಿ ನಿಂತ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸುವೆವು.

ಸಿದ್ಧರಾಮರ ಚರಿತ್ರಕ್ಕೆ ನಮಗಿರುವ ಆಧಾರಗಳಲ್ಲಿ ಹರಿಹರನ ಸೋದರಳಿಯನಾದ ರಾಘವಾಂಕನು ಷಟ್ಪದಿಯಲ್ಲಿ ರಚಿಸಿದ ಸಿದ್ಧರಾಮ ಚಾರಿತ್ರವೂ, ಹದಿನೈದನೆಯ ಶತಮಾನದಿಂದ ಸಂಪಾದಿತವಾದ ಶೂನ್ಯಸಂಪಾದನೆಗಳೂ, ಅವರ ಸ್ವಂತ ವಚನಗಳೂ ಪ್ರಧಾನವಾದವು. ಇಂದು ಮಹಾರಾಷ್ಟ್ರ ರಾಜ್ಯಕ್ಕೆ ಸೇರಿರುವ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅಲ್ಲಿ ಮುದ್ದುಗೌಡ ಮತ್ತು ಸುಗ್ಗವ್ವೆ ಎಂಬ ಒಕ್ಕಲು ದಂಪತಿಗಳ ಉದರದಲ್ಲಿ ಅವರು ಜನಿಸಿದರು. ಇಂಥ ಶಿಶುವು ಹುಟ್ಟುವುದೆಂದು ರೇವಣಸಿದ್ಧರು ಮೊದಲೇ ನುಡಿದಿದ್ದರೆಂದು ಪುರಾಣವು ಹೇಳುವುದು. ಆದರೆ ಬೆಳೆಯುತ್ತಿರುವ ಬಾಲಕನಲ್ಲಿ ನೆರೆಹೊರೆಯವರಿಗೆ ಕಂಡದ್ದು ಮಹಿಮೆಯಲ್ಲ, ಮಂಕುತನ. ಮಾತು ಕಡಮೆ, ಆಟಪಾಟಗಳಲ್ಲಿ ಆಸಕ್ತಿಯಿಲ್ಲ. ದನ ಕಾಯುವುದಕ್ಕೆ ಮಾತ್ರ ತಕ್ಕವನೆಂದು ಎಣಿಸಿ ಹುಡುಗನನ್ನು ಅಡವಿಗೆ ಕಳುಹಿಸಿದರು. ಹೆತ್ತವರ ಅಳಲನ್ನು ಊಹಿಸಿಕೊಳ್ಳಬಹುದು. ಮಾತಾಡದ ಮಗುವಿನ ಅಂತರಂಗದಲ್ಲಿ ಏನಿರುವುದೆಂಬುದನ್ನು ಲೋಕವು ಬೇಗನೆ ತೀರ್ಮಾನಿಸಿಬಿಡುವುದು; ಆ ತೀರ್ಮಾನವು ಎಷ್ಟೋ ಸಲ ತಪ್ಪಾಗಿರುವುದು.

ಒಂದು ದಿನ ನವಣೆಯ ಹೊಲದ ಬಳಿಯಲ್ಲಿದ್ದ ಬಾಲಕನ ಮುಂದೆ ಜಂಗಮನೊಬ್ಬನು ಬಂದು ನಿಂತನು. ತಾನು ಶ್ರೀಶೈಲದವನೆಂದೂ, ತನ್ನ ಹೆಸರು ಮಲ್ಲಯ್ಯನೆಂದೂ ತಿಳಿಸಿ ಹಸಿವೆಂದನು. ಬಾಲಕನು ಹಾಲುಗಟ್ಟಿದ ಎಳೆಯ ತೆನೆಗಳನ್ನು ಕೊಟ್ಟು ಉಪಚರಿಸಿದನು. ಅವುಗಳನ್ನು ತಿಂದ ಮಲ್ಲಯ್ಯನು ಒಡಲು ಉರಿಯುವುದೆಂದು ಮಜ್ಜಿಗೆಯನ್ನು ಬೇಡಲು, ಬಾಲಕನು ಮನೆಗೆ ಓಡಿದನು. ಹಿಂದಿರುಗಿ ಬಂದು ನೋಡಿದರೆ ಮಲ್ಲಯ್ಯನಿಲ್ಲ. ತನ್ನನ್ನು ಮಂದಮತಿಯೆಂದು ನೋಡದೆ ಸ್ನೇಹದಿಂದ ಮಾತಾಡಿಸಿದ ಒಂದು ಜೀವವು ಕಣ್ಮರೆಯಾಗಿತ್ತು. ಹೆಸರು ಹಿಡಿದು ಕೂಗುತ್ತ, ಹೊಲಹೊಲಗಳಲ್ಲಿ ಅರಸುತ್ತ, ಬಾಲಕನು ಗೋಳಾಡತೊಡಗಿದನು.

ಅದೇ ದಾರಿಯಲ್ಲಿ ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರು ಈ ಗೋಳನ್ನು ಕಂಡು, ಮಲ್ಲಯ್ಯನನ್ನು ತೋರಿಸುವೆವೆಂದು ಬಾಲಕನನ್ನು ತಮ್ಮೊಡನೆ ಕರೆದೊಯ್ದರು. ಪರ್ವತವನ್ನು ಮುಟ್ಟಿ ದೇವಾಲಯದೊಳಗಿನ ಮಲ್ಲಿಕಾರ್ಜುನಲಿಂಗವನ್ನು ತೋರಿಸಿದಾಗ, ಬಾಲಕನು ಇದು ತನ್ನ ಮಲ್ಲಯ್ಯನಲ್ಲವೆಂದನು. ತನ್ನ ಕೈಯ ತೆನೆಯನ್ನು ತಿಂದವನೇ ತನಗೆ ಬೇಕು. ಬೆಟ್ಟದ ಗವಿಗಳಲ್ಲಿ, ಗಿಡಮರಗಳ ನಡುವೆ ಕೂಗಿ ಕೂಗಿ ದಣಿದು, ಕೊನೆಗೆ ಆಳವಾದ ಕಮರಿಯೊಂದರ ಅಂಚಿನಲ್ಲಿ ನಿಂತು ಬೀಳಲು ಸಿದ್ಧನಾದನು. ಆ ಗಳಿಗೆಯಲ್ಲಿ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ಬಾಲಕನನ್ನು ಹಿಡಿದೆತ್ತಿ, ಕಣ್ಣೀರನ್ನು ಒರಸಿ ಸಂತೈಸಿದನೆಂದೂ, ಸೊನ್ನಲಿಗೆಗೆ ಹಿಂದಿರುಗಿ ಅದನ್ನು ಎರಡನೆಯ ಶ್ರೀಶೈಲವನ್ನಾಗಿ ಮಾಡಬೇಕೆಂದು ಅಪ್ಪಣೆಯಿತ್ತನೆಂದೂ ಕವಿಯು ವರ್ಣಿಸುವನು.

ಭಕ್ತಿಯಿಂದ ಓದುವವರು ಇಲ್ಲಿ ಪವಾಡವನ್ನು ಕಾಣುವರು. ಅದು ಯುಕ್ತವೇ ಸರಿ. ಆದರೆ ಶೋಕಾರ್ತರನ್ನು ಉಪಚರಿಸುವ ಕ್ರಮವನ್ನೂ ಇಲ್ಲಿ ಕಾಣಬೇಕು. ಯಾತ್ರಿಕರು ಬಾಲಕನನ್ನು ಗದರಿಸಲಿಲ್ಲ, ಹೋದವನು ಹೋದನೆಂದು ವೇದಾಂತವನ್ನು ಬೋಧಿಸಲಿಲ್ಲ, ಜೊತೆಗೆ ನಡೆದರು. ಅವರು ತೋರಿದ ಲಿಂಗವು ಆತನ ದುಃಖವನ್ನು ಕೂಡಲೆ ಶಮನಗೊಳಿಸಲಿಲ್ಲ. ಅದಕ್ಕಾಗಿ ಆತನು ಪಾಪಿಯೂ ಆಗಲಿಲ್ಲ. ಕಮರಿಯ ಅಂಚಿನಲ್ಲಿ ಬೇಕಾದದ್ದು ಉಪದೇಶವಲ್ಲ, ಹಿಡಿಯುವ ಕೈ. ಕಣ್ಣೀರು ಒರಸಿದ ತರುವಾಯವೇ ಕೆಲಸವನ್ನು ಒಪ್ಪಿಸಲಾಯಿತು. ತನ್ನ ದುಃಖದಲ್ಲಿಯೇ ಮುಳುಗಿದ್ದ ಮನಸ್ಸನ್ನು ಪರರ ದಾಹದ ಕಡೆಗೆ ತಿರುಗಿಸಿದುದೇ ಆ ಅಪ್ಪಣೆಯ ಗುಟ್ಟು.

ಸೊನ್ನಲಿಗೆಗೆ ಮರಳಿದ ಸಿದ್ಧರಾಮರು ಬೇರೆಯೇ ವ್ಯಕ್ತಿಯಾಗಿದ್ದರು. ಆ ಸೀಮೆಯ ಅರಸನ ರಾಣಿಯಾದ ಚಾಮಲದೇವಿಯ ನೆರವು ದೊರೆಯಿತು. ಊರ ಸುತ್ತ ಲಿಂಗಗಳು ಪ್ರತಿಷ್ಠಿತವಾದವು. ಅವು 68 ಎಂದು ಪ್ರತೀತಿಯುಂಟು. ಗುಡಿಗಳೆದ್ದವು, ಬಾವಿಗಳು ತೋಡಲ್ಪಟ್ಟವು, ಛತ್ರಗಳಲ್ಲಿ ಅನ್ನದಾನವು ನಡೆಯಿತು. ಎಲ್ಲಕ್ಕೂ ಮಿಗಿಲಾಗಿ ಮಳೆ ಕಡಮೆಯಾದ ಆ ಬಯಲುಸೀಮೆಯಲ್ಲಿ ದೊಡ್ಡದೊಂದು ಕೆರೆಯನ್ನು ಕಟ್ಟಲಾರಂಭಿಸಿದರು. ಸಹಸ್ರಾರು ಒಡ್ಡರು ಮಣ್ಣು ಕಲ್ಲುಗಳನ್ನು ಹೊತ್ತರು. ಮಂಕನೆನಿಸಿಕೊಂಡಿದ್ದವರ ಹೆಸರು ದೇಶದಲ್ಲೆಲ್ಲ ಹಬ್ಬಿತು.

ಹಳೆಯ ನೋವು ಮಾಯವಾದೆಡೆಯಲ್ಲಿ ಹೊಸದೊಂದು ವ್ಯಾಧಿಯು ಸದ್ದಿಲ್ಲದೆ ಬೇರೂರುವುದುಂಟು. ಕೆರೆಯ ಕೆಲಸವು ನಡೆಯುತ್ತಿರಲು ಅಲ್ಲಮಪ್ರಭುದೇವರು ಅಲ್ಲಿಗೆ ದಯಮಾಡಿಸಿದರು. ಬಂದವರು ಸಿದ್ಧರಾಮರನ್ನು ಒಡ್ಡರಾಮನೆಂದು ಕರೆದು, ಆತನೆಲ್ಲಿರುವನೆಂದು ಕೆಲಸದವರನ್ನು ಕೇಳಿದರು. ತಮ್ಮ ಗುರುವನ್ನು ಹೀಗಳೆದರೆಂದು ಕೆರಳಿದ ಒಡ್ಡರು ಕಲ್ಲುಗಳನ್ನು ಬೀರಿದರು. ಆ ಕಲ್ಲುಗಳು ಪ್ರಭುದೇವರನ್ನು ತಾಗದೆ ಸುತ್ತಲೂ ರಾಶಿಯಾಗಿ ಬಿದ್ದವೆಂದು ಶೂನ್ಯಸಂಪಾದನೆಯು ಹೇಳುವುದು. ಸುದ್ದಿಯನ್ನು ಕೇಳಿ ಧಾವಿಸಿ ಬಂದ ಸಿದ್ಧರಾಮರು ವಿಚಾರಿಸದೆ ಸಿಟ್ಟಿನಿಂದ ಹಣೆಗಣ್ಣನ್ನು ತೆರೆದರು. ಹೊರಹೊಮ್ಮಿದ ಉರಿಯು ಸುತ್ತಣದನ್ನು ಸುಡುತ್ತ ಹೋಗಿ, ಪ್ರಭುದೇವರ ಪಾದವನ್ನು ಮುಟ್ಟಿ ಅಲ್ಲಿಯೇ ಅಡಗಿತು.

ಕೋಪಕ್ಕೆ ಪ್ರಭುದೇವರು ಕೋಪವನ್ನು ಬೆರಸಲಿಲ್ಲ. ಹೆದರಿ ಹಿಂಜರಿಯಲೂ ಇಲ್ಲ. ಬೆಂಕಿಯು ಬೆಂಕಿಯನ್ನು ಕಾಣದಿದ್ದಾಗ ತಾನಾಗಿ ನಂದುವುದು. ಉರಿ ಆರಿದ ಮೇಲೆ ಆತ್ಮಪರೀಕ್ಷೆಗೆ ಎಡೆಮಾಡುವ ಸಂವಾದವು ನಡೆಯಿತು. ಯೋಗಿಯೆನಿಸಿದವನಿಗೆ ಇಷ್ಟು ಕೋಪವೆಲ್ಲಿಂದ ಬಂತು? ಕೆರೆಯ ನೀರು ಊರಿನ ದಾಹವನ್ನು ಕಳೆದೀತು; ಕಟ್ಟಿದವನ ಅಹಂಕಾರವನ್ನು ಕಳೆದೀತೆ? ಒಂದು ಅಡ್ಡಹೆಸರಿಗೆ ಮನಸ್ಸು ಹೀಗೆ ಹತ್ತಿ ಉರಿದುದಾದರೆ, ಕಟ್ಟುತ್ತಿರುವುದು ಲೋಕಕ್ಕಾಗಿಯೋ ಹೆಸರಿಗಾಗಿಯೋ? ಈ ಸಂವಾದದ ಸಾರವನ್ನು ನಾವು ಹೀಗೆ ಗ್ರಹಿಸಬಹುದು. ಸತ್ಕಾರ್ಯವೂ ಒಂದು ವ್ಯಸನವಾಗಬಲ್ಲುದು. ಅದಿಲ್ಲದೆ ತಾನಿಲ್ಲವೆನಿಸಿದಾಗ ಅದು ಸೇವೆಯಾಗಿ ಉಳಿಯದೆ ಬಂಧನವಾಗುವುದು. ಕೋಪವು ಹೊಗೆ ಮಾತ್ರ. ಒಳಗಿನ ಬೆಂಕಿ ನಾನೆಂಬುದು. ಸಿದ್ಧರಾಮರು ಇದನ್ನು ಸಹಸ್ರಾರು ಜನರೆದುರಿಗೆ ಒಪ್ಪಿಕೊಂಡರು. ಅವರ ಬಾಳಿನ ಪವಾಡಗಳಲ್ಲಿ ಇದನ್ನೇ ಹಿರಿದೆಂದು ನಾವು ಭಾವಿಸುವೆವು.

ತರುವಾಯ ಪ್ರಭುದೇವರೊಡನೆ ಕಲ್ಯಾಣಕ್ಕೆ ತೆರಳಿ, ಬಸವಣ್ಣನವರನ್ನೂ ಶರಣಗಣಂಗಳನ್ನೂ ಕಂಡು, ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರೆಂದು ಸಂಪ್ರದಾಯವುಂಟು. ಶೂನ್ಯಸಂಪಾದನೆಯ ಎಲ್ಲ ಪರಿಷ್ಕರಣಗಳೂ ಇದನ್ನು ಏಕರೀತಿಯಾಗಿ ನಿರೂಪಿಸುವುದಿಲ್ಲವೆಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಪ್ರಭುದೇವರ ಮತ್ತು ಚೆನ್ನಬಸವಣ್ಣನವರ ಅನಂತರ ಶೂನ್ಯಸಿಂಹಾಸನವನ್ನು ಸಿದ್ಧರಾಮರೇ ಅಲಂಕರಿಸಿದರೆಂದು ಪರಂಪರೆಯು ನಂಬಿರುವುದು. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವರ ವಚನಗಳು ಸಾವಿರಕ್ಕೂ ಮಿಕ್ಕು ಉಳಿದಿವೆ, ತ್ರಿವಿಧಿಗಳೂ ಉಂಟು. ಬಾಲ್ಯದಲ್ಲಿ ಕೂಗಿ ಅರಸಿದ ಆ ಮಲ್ಲಯ್ಯನ ಹೆಸರೇ ಅಂಕಿತವಾಯಿತೆಂಬುದನ್ನು ನೆನೆದಾಗ ಮನಸ್ಸು ಆರ್ದ್ರವಾಗುವುದು. ಶೋಕವು ಅಳಿದುಹೋಗಲಿಲ್ಲ, ಸ್ತುತಿಯಾಗಿ ಮಾರ್ಪಟ್ಟಿತು.

ಶರಣರ ಚಿಕಿತ್ಸೆಯು ಕುಡುಕರನ್ನೂ ಹೊರಗಿಡಲಿಲ್ಲ. ಸಿದ್ಧರಾಮರ ಸಮಕಾಲೀನರಾದ ಹೆಂಡದ ಮಾರಯ್ಯನವರು ಹೆಂಡ ಮಾರುವ ಕಾಯಕದಲ್ಲಿದ್ದುಕೊಂಡೇ ಕುಡಿಯಬಂದವರಿಗೆ ಅದರ ಕೇಡನ್ನು ತಿಳಿಸಿ ಭಕ್ತಿಯ ಕಡೆಗೆ ತಿರುಗಿಸುತ್ತಿದ್ದರೆಂದು ಐತಿಹ್ಯವುಂಟು. ನಮ್ಮ ಕಾಲದಲ್ಲಿ, 2018ರಲ್ಲಿ ಲಿಂಗೈಕ್ಯರಾದ ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆಯನ್ನು ಹಿಡಿದು ಊರೂರು ತಿರುಗಿ, ಕಾಣಿಕೆಯನ್ನು ಬೇಡದೆ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಇವರೆಲ್ಲರ ಮಾರ್ಗವು ಒಂದೇ: ಬಿದ್ದವನನ್ನು ಹಳಿಯದೆ ಅವನಿರುವಲ್ಲಿಗೇ ಹೋಗುವುದು, ಅವನಿಂದ ಚಟವನ್ನು ಕಿತ್ತುಕೊಳ್ಳದೆ ಅವನೇ ಕೊಡುವಂತೆ ಮಾಡುವುದು. ಮದ್ಯದ ಬಲೆಯು ದೇಹವನ್ನೂ ಬಿಗಿದಿರುವುದರಿಂದ ವೈದ್ಯರ ನೆರವನ್ನು ಪಡೆಯುವುದು ಭಕ್ತಿಗೆ ಕುಂದಲ್ಲವೆಂಬುದನ್ನು ಇಂದು ಸ್ಪಷ್ಟವಾಗಿ ಹೇಳಬೇಕಾಗಿದೆ.

ಸೊಲ್ಲಾಪುರದಲ್ಲಿ ಆ ಕೆರೆಯು ಇಂದಿಗೂ ಇದೆ. ನೀರಿನ ನಡುವಣ ದೇವಾಲಯದ ಆವರಣದಲ್ಲಿ ಶಿವಯೋಗಿಗಳ ಗದ್ದುಗೆಯಿದೆ. ವರ್ಷವರ್ಷವೂ ಸಂಕ್ರಾಂತಿಯಲ್ಲಿ ನಂದಿಧ್ವಜಗಳನ್ನು ಹೊತ್ತ ಭಕ್ತಸಮೂಹವು ಅಲ್ಲಿ ನೆರೆಯುವುದು.

ಭಕ್ತಮಹಾಶಯರೇ! ಇಂಥ ಮಹೋತ್ಸವದ ಸಂಚಿಕೆಯಲ್ಲಿ ಮಠವು ಕಟ್ಟಿಸಿದ ಪಾಠಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ಎಣಿಸುವುದು ವಾಡಿಕೆ. ಅದು ತಪ್ಪಲ್ಲ, ಸಿದ್ಧರಾಮರೂ ಕಟ್ಟಿದರು. ಆದರೆ ಕೆರೆಯ ಏರಿಯ ಮೇಲೆ ಪ್ರಭುದೇವರು ಎತ್ತಿದ ಪ್ರಶ್ನೆಯು ನಮ್ಮ ಬಾಗಿಲಲ್ಲಿಯೂ ನಿಂತಿದೆ. ಅಳುತ್ತ ಬಂದವನೊಡನೆ ನಾವು ನಾಲ್ಕು ಹೆಜ್ಜೆ ನಡೆದೆವೆ? ಉರಿಯುತ್ತ ಬಂದವನೆದುರಿಗೆ ತಣ್ಣಗೆ ನಿಂತೆವೆ? ಕುಡಿದು ಬಂದವನಿಗೆ ನಾಳೆ ಮತ್ತೆ ಬರುವ ಧೈರ್ಯವನ್ನು ಕೊಟ್ಟೆವೆ? ಕಟ್ಟಡಗಳ ಲೆಕ್ಕದೊಡನೆ ಈ ಲೆಕ್ಕವನ್ನೂ ಒಪ್ಪಿಸುವ ಶಕ್ತಿಯನ್ನು ಶಿವಯೋಗಿ ಸಿದ್ಧರಾಮೇಶ್ವರರು ನಮಗೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸಿ ಈ ಅಲ್ಪ ಸೇವೆಯನ್ನು ಗುರುಚರಣಗಳಲ್ಲಿ ಸಮರ್ಪಿಸುವೆವು.