ಎರಡು ತುಂಡಿನ ಬಾಣ ಕಟ್ಟಿದ ಇಶಿ

ಬಿಲ್ಲುಗಾರಿಕೆ ಎಂದೊಡನೆ ನಮಗೆ ಅರ್ಜುನ, ಏಕಲವ್ಯರು ನೆನಪಾಗುತ್ತಾರೆ. ಅಮೆರಿಕದಲ್ಲಿ ಹಳೆಯ ಪದ್ಧತಿಯ ಬಿಲ್ಲುಬೇಟೆಯನ್ನು ಅಭ್ಯಾಸ ಮಾಡುವವರಿಗೆ ನೆನಪಾಗುವ ಹೆಸರು ಇಶಿ. ಅವನ ಬದುಕನ್ನು ನಾವಿಲ್ಲಿ ಸಂಕ್ಷಿಪ್ತವಾಗಿ ತಿಳಿಯೋಣ.

ಇಶಿ ಹುಟ್ಟಿದ್ದು ಸುಮಾರು 1860ರಲ್ಲಿ, ಉತ್ತರ ಕ್ಯಾಲಿಫೋರ್ನಿಯಾದ ಬೆಟ್ಟಗಾಡಿನಲ್ಲಿ. ಅವನದು ಯಾಹಿ ಎಂಬ ಚಿಕ್ಕ ಬುಡಕಟ್ಟು. 1849ರ ಚಿನ್ನದ ಬೇಟೆಯ ನಂತರ ಆ ಪ್ರದೇಶಕ್ಕೆ ಹೊರಗಿನವರು ನುಗ್ಗಿದರು. ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಯಾಹಿಗಳನ್ನು ಬೇಟೆಯಾಡಿ ಕೊಂದರು. ಉಳಿದ ಬೆರಳೆಣಿಕೆಯ ಜನ ಡಿಯರ್ ಕ್ರೀಕ್ ಕಣಿವೆಯಲ್ಲಿ ದಶಕಗಳ ಕಾಲ ಅಡಗಿ ಬಾಳಿದರು. 1908ರಲ್ಲಿ ಸರ್ವೆಯವರ ತಂಡವೊಂದು ಅವರ ಗುಡಿಸಲುಗಳನ್ನು ಕಂಡು, ಅಲ್ಲಿದ್ದ ಸಾಮಾನುಗಳನ್ನು ಹೊತ್ತೊಯ್ದಿತು. ಕ್ರಮೇಣ ಇಶಿ ಒಬ್ಬನೇ ಉಳಿದನು.

1911ರ ಆಗಸ್ಟ್ 29ರಂದು ಹಸಿವಿನಿಂದ ಬಳಲಿದ ಅವನು ಓರೊವಿಲ್ ಪಟ್ಟಣದ ಕಸಾಯಿಖಾನೆಯ ಬಳಿ ಸಿಕ್ಕನು. ಅವನ ಮಾತು ಯಾರಿಗೂ ತಿಳಿಯಲಿಲ್ಲ. ಪ್ರಾಧ್ಯಾಪಕ ವಾಟರ್‌ಮನ್ ಯಾನಾ ಭಾಷೆಯ ಪದಗಳ ಪಟ್ಟಿ ಹಿಡಿದು ಬಂದು ಒಂದೊಂದಾಗಿ ಓದಿದರು. ಮಂಚದ ಪೈನ್ ಮರವನ್ನು ತಟ್ಟಿ ಅದರ ಹೆಸರು ಹೇಳಿದಾಗ ಇಶಿಯ ಮುಖ ಅರಳಿತು. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಅವರಲ್ಲಿ ಪದ್ಧತಿಯಲ್ಲ. ಅದನ್ನು ಹೇಳಲು ಅವನ ಕಡೆಯವರು ಯಾರೂ ಇರಲಿಲ್ಲ. ಆದ್ದರಿಂದ ಮಾನವಶಾಸ್ತ್ರಜ್ಞ ಕ್ರೋಬರ್ ಅವನನ್ನು ಇಶಿ ಎಂದು ಕರೆದರು. ಅವನ ಭಾಷೆಯಲ್ಲಿ ಅದಕ್ಕೆ ಮನುಷ್ಯ ಎಂದರ್ಥ.

ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯ ವಸ್ತುಸಂಗ್ರಹಾಲಯವೇ ಅವನ ಮನೆಯಾಯಿತು. ಪಕ್ಕದ ವೈದ್ಯಕೀಯ ಕಾಲೇಜಿನ ಡಾ. ಸ್ಯಾಕ್ಸ್‌ಟನ್ ಪೋಪ್ ಅವನಿಗೆ ವೈದ್ಯರೂ ಸ್ನೇಹಿತರೂ ಆದರು. ಬಿಲ್ಲುವಿದ್ಯೆಯಲ್ಲಿ ಮಾತ್ರ ಆ ವೈದ್ಯರೇ ಶಿಷ್ಯರು!

ಇಶಿ ಬಾಣ ಮಾಡುತ್ತಿದ್ದ ಬಗೆ ಸ್ವಾರಸ್ಯಕರವಾದುದು. ಹೇಜಲ್ ಗಿಡದ ನೇರ ಕಡ್ಡಿಗಳನ್ನು ಕಡಿದು, ಸಿಪ್ಪೆ ಸುಲಿದು, ನೆರಳಿನಲ್ಲಿ ಒಣಗಿಸುತ್ತಿದ್ದನು. ಡೊಂಕಿದ್ದರೆ ಕೆಂಡದ ಕಾವಿಗೆ ಹಿಡಿದು ನೆಟ್ಟಗೆ ಮಾಡಿ, ಮರಳುಗಲ್ಲಿನಿಂದ ಉಜ್ಜುತ್ತಿದ್ದನು. ನಂತರ ಕಡ್ಡಿಯ ತುದಿಯಲ್ಲಿ ಚೂಪಾದ ಮೂಳೆಯಿಂದ ರಂಧ್ರ ಕೊರೆದು, ಹೆಚ್ಚು ಭಾರದ ಮರದ ಗಿಡ್ಡ ತುಂಡೊಂದನ್ನು ಸೇರಿಸುತ್ತಿದ್ದನು. ಬೆಸುಗೆಗೆ ಅಂಟು ಹಚ್ಚಿ ಪ್ರಾಣಿಯ ಸ್ನಾಯುವಿನ ನಾರು ಸುತ್ತುತ್ತಿದ್ದನು. ಒಣಗಿದಾಗ ನಾರು ಬಿಗಿದುಕೊಳ್ಳುತ್ತದೆ. ಮುಂಭಾಗ ಭಾರವಾಗಿದ್ದರೆ ಬಾಣ ಸ್ಥಿರವಾಗಿ ಹಾರುತ್ತದೆ. ಹಿಂಬದಿಗೆ ಹಕ್ಕಿಯ ಗರಿಗಳು, ಮುಂದೆ ಅಬ್ಸಿಡಿಯನ್ ಎಂಬ ಜ್ವಾಲಾಮುಖಿ ಗಾಜಿನ ಮೊನೆ. ಒಡೆದ ಬಾಟಲಿಯ ಗಾಜಿನಿಂದಲೂ ಅವನು ಅಂದವಾದ ಮೊನೆ ಮಾಡಬಲ್ಲವನಾಗಿದ್ದನು. ಇಂದು ಪ್ರಯಾಣಕ್ಕೆಂದು ಬಿಚ್ಚಿ ಜೋಡಿಸುವ ಬಾಣವನ್ನು ಮನೆಯಲ್ಲೇ ಮಾಡಿಕೊಳ್ಳುವ ಹವ್ಯಾಸಿಗಳಿದ್ದಾರೆ. ಇಶಿಯ ಜೋಡಣೆ ಹಾಗೆ ಬಿಚ್ಚುವಂಥದ್ದಲ್ಲ. ಆದರೂ ಎರಡು ತುಂಡು ಒಂದೇ ಬಾಣದಂತೆ ಹಾರಬೇಕೆಂಬ ಸವಾಲು ಇಬ್ಬರಿಗೂ ಒಂದೇ.

1914ರಲ್ಲಿ ಕ್ರೋಬರ್, ವಾಟರ್‌ಮನ್ ಮತ್ತು ಪೋಪ್ ಅವನೊಡನೆ ಡಿಯರ್ ಕ್ರೀಕ್‌ಗೆ ಹೋಗಿ, ಅವನ ಹಳೆಯ ನೆಲೆಗಳನ್ನು ನೋಡಿ ಬಂದರು. 1915ರ ಬೇಸಿಗೆಯಲ್ಲಿ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ಅವನ ನುಡಿಯನ್ನು ಬರೆದುಕೊಂಡರು. ಕಥೆ, ಹಾಡುಗಳು ಮೇಣದ ಉರುಳೆಗಳಲ್ಲಿ ಮುದ್ರಣಗೊಂಡಿದ್ದವು. ಅಷ್ಟರಲ್ಲಿ ಕ್ಷಯರೋಗ ಅಂಟಿಕೊಂಡಿತ್ತು. 1916ರ ಮಾರ್ಚ್ 25ರಂದು ಇಶಿ ತೀರಿಕೊಂಡನು. ಗೆಳೆಯರು ಅವನ ಪೆಟ್ಟಿಗೆಯಲ್ಲಿ ಒಂದು ಬಿಲ್ಲು, ಐದು ಬಾಣಗಳನ್ನಿಟ್ಟರು. ಆದರೆ ಕ್ರೋಬರ್ ವಿರೋಧಿಸಿದ್ದರೂ ಶವಪರೀಕ್ಷೆ ನಡೆದಿತ್ತು, ಮೆದುಳನ್ನು ತೆಗೆದಿರಿಸಲಾಗಿತ್ತು. ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದ್ದ ಅದು 2000ದಲ್ಲಿ ಅವನ ಬಂಧುಕುಲದವರ ಕೈಸೇರಿ, ಮಣ್ಣು ಕಂಡಿತು.

ಪೋಪ್ ತಾವು ಕಲಿತದ್ದನ್ನು 1918 ಮತ್ತು 1923ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಮೆರಿಕದಲ್ಲಿ ಬಿಲ್ಲುಬೇಟೆ ಮತ್ತೆ ಚಿಗುರಲು ಅವು ಕಾರಣವಾದವು. ಯೋಚಿಸಿ ನೋಡಿ, ಇಶಿಯ ಬಾಣವಿದ್ಯೆ ಇಂದಿಗೂ ಜೀವಂತವಾಗಿದೆ, ಏಕೆಂದರೆ ಒಬ್ಬರು ಪಕ್ಕದಲ್ಲಿ ಕುಳಿತು ಕೈಯಾರೆ ಕಲಿತರು. ಅವನ ನುಡಿಯೂ ಕಾಗದ, ಉರುಳೆಗಳಲ್ಲಿ ಭದ್ರವಾಗಿದೆ. ಆದರೆ ಆ ನುಡಿಯಲ್ಲಿ ಅವನೊಡನೆ ನಕ್ಕು ಮಾತನಾಡಲು ಮನೆಯವರು ಯಾರೂ ಉಳಿದಿರಲಿಲ್ಲ. ತವರಿನಿಂದ ದೂರವಿರುವ ನಮ್ಮ ಮನೆಗಳಲ್ಲಿ ಅಜ್ಜಿಯೊಂದಿಗೆ ಫೋನಿನಲ್ಲಿ ಕನ್ನಡ ಮಾತನಾಡುವ ಮಕ್ಕಳಿದ್ದಾರಲ್ಲ, ಆ ಭಾಗ್ಯ ಎಷ್ಟು ದೊಡ್ಡದೆಂದು ಇಶಿಯ ಬದುಕು ನಮಗೆ ತಿಳಿಸುತ್ತದೆ.