ಗಾನಯೋಗಿ ಪಂಚಾಕ್ಷರ ಗವಾಯಿಗಳು

ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿ ಒಂದು ಚಿಕ್ಕ ಗ್ರಾಮ. ಅಲ್ಲಿ 1892ರಲ್ಲಿ ಗುರುಪಾದಯ್ಯ ಮತ್ತು ನೀಲಮ್ಮ ದಂಪತಿಗಳಿಗೆ ಗದಿಗೆಯ್ಯನೆಂಬ ಮಗನು ಜನಿಸಿದನು. ಅವನೂ ಅವನ ಅಣ್ಣ ಗುರುಬಸಯ್ಯನೂ ಹುಟ್ಟುಕುರುಡರು. ಬೇಸಾಯವನ್ನೇ ನಂಬಿದ್ದ ಊರಿನಲ್ಲಿ ಕಣ್ಣಿಲ್ಲದ ಇಬ್ಬರು ಮಕ್ಕಳಿಗೆ ಭಿಕ್ಷೆಯಲ್ಲದೆ ಬೇರೊಂದು ಬಾಳು ಉಂಟೆಂದು ಅಂದು ಯಾರು ತಾನೇ ನಂಬಿಯಾರು? ಆದರೆ ಆ ಮಕ್ಕಳು ಕಿವಿಗೆ ಬಿದ್ದ ಹಾಡನ್ನು ಬಿಡದೆ ಹಿಡಿಯುತ್ತಿದ್ದರು. ಹಾನಗಲ್ಲ ಕುಮಾರಸ್ವಾಮಿಗಳು ಇದನ್ನು ಗಮನಿಸಿ ಅವರನ್ನು ಸಂಗೀತದ ದಾರಿಗೆ ಹಚ್ಚಿದರು. ಆ ಗದಿಗೆಯ್ಯನೇ ಮುಂದೆ ಪಂಚಾಕ್ಷರ ಗವಾಯಿಗಳೆಂದು ನಾಡಿಗೆಲ್ಲ ಪರಿಚಿತರಾದರು.

ಗವಾಯಿಗಳು ಮೊದಲು ಕರ್ನಾಟಕ ಸಂಗೀತವನ್ನು ಕಲಿತರು. ಅನಂತರ ಅಥಣಿ, ರಾಯಬಾಗ ಸೀಮೆಗೆ ನೆರೆಯದಾದ ಮಿರಜಿನ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಸಂಗೀತವನ್ನು ಸಾಧಿಸಿದರು. ಎರಡು ಪದ್ಧತಿಗಳ ರಾಗಗಳೂ ಬೇರೆ, ತಾಳದ ಲೆಕ್ಕಾಚಾರವೂ ಬೇರೆ. ಬರೆದಿಟ್ಟುಕೊಂಡು ಓದುವ ಅನುಕೂಲ ಅವರಿಗಿರಲಿಲ್ಲ. ಕೇಳಿದ್ದನ್ನೆಲ್ಲ ನೆನಪಿನಲ್ಲಿಯೇ ನಿಲ್ಲಿಸಿಕೊಳ್ಳಬೇಕಾಗಿತ್ತು.

ಕಣ್ಣಿಲ್ಲದವರಿಗೆ ಕಿವಿ ಚುರುಕೆಂದು ಜನ ಹೇಳುವುದುಂಟು. ನಿಜವಾಗಿ ಬದಲಾಗುವುದು ಕಿವಿಯಲ್ಲ, ಮಿದುಳು. ತಲೆಯ ಹಿಂಬದಿಯಲ್ಲಿರುವ ಮಿದುಳಿನ ಭಾಗವು ಕಣ್ಣು ಕಳುಹಿಸುವ ಸಂದೇಶಗಳನ್ನು ಗ್ರಹಿಸತಕ್ಕದ್ದು. ಹುಟ್ಟಿನಿಂದಲೇ ಆ ಸಂದೇಶ ಬಾರದಿದ್ದರೆ ಆ ಭಾಗವು ಬೀಳುಭೂಮಿಯಂತೆ ಉಳಿಯುವುದಿಲ್ಲ. ಅದು ಧ್ವನಿ ಮತ್ತು ಸ್ಪರ್ಶಗಳ ಕೆಲಸಕ್ಕೆ ಒದಗುತ್ತದೆ. ಹುಟ್ಟುಕುರುಡಿಯಾಗಿದ್ದು ಬ್ರೈಲ್ ಲಿಪಿಯನ್ನು ಸರಾಗವಾಗಿ ಓದುತ್ತಿದ್ದ ಮಹಿಳೆಯೊಬ್ಬರಿಗೆ ರಕ್ತಸಂಚಾರದ ತೊಂದರೆಯಿಂದ ಮಿದುಳಿನ ಆ ಹಿಂಬದಿಯೇ ಕೆಟ್ಟಿತು. ಚುಕ್ಕೆಗಳು ಬೆರಳಿಗೆ ತಾಗುತ್ತಿದ್ದವು; ಅವು ಅಕ್ಷರಗಳಾಗಿ ಮಾತ್ರ ತಿಳಿಯದಾದವು. ಈ ಸಂಗತಿಯನ್ನು ವೈದ್ಯರು 2000ದಲ್ಲಿ ಪ್ರಕಟಿಸಿದರು. 2004ರಲ್ಲಿ ಕೆನಡದ ಮಾಂಟ್ರಿಯಲ್ ನಗರದ ಸಂಶೋಧಕರು ಇನ್ನೊಂದನ್ನು ತೋರಿಸಿಕೊಟ್ಟರು: ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವರು ಸ್ವರದ ಏರಿಳಿತವನ್ನು ಕಣ್ಣುಳ್ಳವರಿಗಿಂತ ಸೂಕ್ಷ್ಮವಾಗಿ ಗುರುತಿಸಿದರು, ವಯಸ್ಸಾದ ಮೇಲೆ ಕುರುಡಾದವರಲ್ಲಿ ಆ ಹೆಚ್ಚಳ ಕಾಣಲಿಲ್ಲ.

ಆದರೆ ಮಿದುಳು ಸ್ಥಳವನ್ನು ತೆರವು ಮಾಡಿಕೊಡಬಲ್ಲದು, ರಾಗವನ್ನು ಕಲಿಸಲಾರದು. ಅದಕ್ಕೆ ಗುರು ಬೇಕು, ವರ್ಷಗಟ್ಟಲೆ ಅಭ್ಯಾಸ ಬೇಕು, ಎರಡು ಹೊತ್ತಿನ ಅನ್ನವೂ ಬೇಕು. ಗವಾಯಿಗಳಿಗೆ ಈ ಯಾವ ವಿಜ್ಞಾನವೂ ತಿಳಿದಿರಲಿಲ್ಲ. ತಮ್ಮ ಬಾಲ್ಯ ಮಾತ್ರ ನೆನಪಿತ್ತು. ಅವರು ಕುರುಡ ಮಕ್ಕಳನ್ನೂ ಬಡ ಮಕ್ಕಳನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುವ ಸಂಗೀತ ಪಾಠಶಾಲೆಯನ್ನು ನಡೆಸಿದರು. ವಿದ್ಯೆಗೂ ಊಟಕ್ಕೂ ಶುಲ್ಕವಿರಲಿಲ್ಲ. ಹೀಗಾಗಿ ಮಕ್ಕಳ ಹೊಟ್ಟೆ ತುಂಬಿಸುವ ಚಿಂತೆ ಸಂಗೀತದ ಚಿಂತೆಯ ಜೊತೆಗೇ ನಡೆಯುತ್ತಿತ್ತು. ಸಂಚಾರಿ ಶಾಲೆಯು ಕೊನೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆನಿಂತಿತು. ಬಸವರಾಜ ರಾಜಗುರು ಅವರಂತಹ ಕಣ್ಣುಳ್ಳ ಗಾಯಕರೂ ಗವಾಯಿಗಳ ಶಿಷ್ಯರಾಗಿ ಬೆಳೆದರು.

ಹಸುಳೆಯಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದ ದೇವಗಿರಿಯ ಪುಟ್ಟರಾಜರನ್ನು ಗವಾಯಿಗಳು ಬಾಲ್ಯದಲ್ಲಿಯೇ ತಮ್ಮ ಬಳಿ ಇರಿಸಿಕೊಂಡು, ಹಿಂದುಸ್ತಾನಿ ಸಂಗೀತವನ್ನು ಕಲಿಸಿದರು. 1944ರಲ್ಲಿ ಗವಾಯಿಗಳು ಕಾಲವಾದಾಗ ಆಶ್ರಮದ ಭಾರವು ಮೂವತ್ತರ ಹರೆಯದ ಆ ಶಿಷ್ಯನ ಹೆಗಲಿಗೆ ಬಂದಿತು. 2010ರಲ್ಲಿ ತಾವು ತೀರಿಕೊಳ್ಳುವವರೆಗೂ ಪುಟ್ಟರಾಜರು ಅದನ್ನು ನಡೆಸಿಕೊಂಡು ಬಂದರು.